ಜನರು ‘ಹೌದು’ ಎಂದ ನ್ಯಾಯಾಧಿಪತಿ

ನ್ಯಾಯಾಧಿಪತಿಯನ್ನು ಪ್ರಜೆಗಳೇ ಮತವಿತ್ತು ಪೀಠದಲ್ಲಿ ಉಳಿಸಿಕೊಳ್ಳುವ ಪದ್ಧತಿಯು ನಮ್ಮ ವಾಚಕರಿಗೆ ಸೋಜಿಗವೆನಿಸಬಹುದು. ನಮ್ಮ ದೇಶದಲ್ಲಿ ಜಿಲ್ಲಾ ನ್ಯಾಯಾಧಿಪತಿಯನ್ನು ರಾಜ್ಯಪಾಲರು ಹೈಕೋರ್ಟಿನೊಡನೆ ಸಮಾಲೋಚಿಸಿ ನಿಯಮಿಸುವರು; ಆತನ ಮೇಲಿನ ಹತೋಟಿಯೂ ಹೈಕೋರ್ಟಿನದೇ. ಅಮೆರಿಕಾದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಾದರೋ, ವಿಚಾರಣಾ ನ್ಯಾಯಾಧಿಪತಿಯು ಮೊದಲು ಪಕ್ಷಗಳ ಚುನಾವಣೆಯಲ್ಲಿ ಗೆದ್ದು ಬರಬೇಕು. ಹತ್ತು ವರ್ಷ ಕಳೆದ ಮೇಲೆ ಎದುರಾಳಿಯಿಲ್ಲ. ಇವರನ್ನು ಮುಂದುವರಿಸಬಹುದೆ ಎಂಬುದೊಂದೇ ಪ್ರಶ್ನೆ, ಹೌದು ಇಲ್ಲ ಎಂಬ ಎರಡೇ ಉತ್ತರ. ಹೌದೆಂದವರು ಹೆಚ್ಚಾದರೆ ಮತ್ತೆ ಹತ್ತು ವರ್ಷದ ಅಧಿಕಾರ. ನ್ಯಾಯಪೀಠವು ಪಕ್ಷಗಳ ಕೈಗೊಂಬೆಯಾಗದಿರಲೆಂಬ ಸದುದ್ದೇಶದ ಏರ್ಪಾಡಿದು.

ಆ ಸಂಸ್ಥಾನದ ಲುಜರ್ನ್ ಜಿಲ್ಲೆಯಲ್ಲಿ ಮಾರ್ಕ್ ಸಿಯಾವರೆಲ್ಲಾ ಎಂಬಾತನು 1995ನೆಯ ಇಸವಿಯಲ್ಲಿ ಹೀಗೆ ಆರಿಸಿಬಂದನು. ಬಾಲಾಪರಾಧಗಳ ವಿಚಾರಣೆಯು ಆತನ ಪಾಲಿಗೆ ಬಂದಿತು. ಶಾಲೆಯಲ್ಲಿ ತಪ್ಪು ಮಾಡಿ ನನ್ನೆದುರಿಗೆ ಬಂದರೆ ಮನೆಗೆ ಹಿಂದಿರುಗಲಾರಿರಿ ಎಂದು ಆತನು ಮಕ್ಕಳಿಗೆ ಬಹಿರಂಗವಾಗಿ ಎಚ್ಚರಿಸುತ್ತಿದ್ದನು. ನುಡಿದಂತೆ ನಡೆದನು ಕೂಡ. ಉಪಾಧ್ಯಾಯರಲ್ಲಿಯೂ ತಂದೆತಾಯಿಗಳಲ್ಲಿಯೂ ಅನೇಕರು ಮೆಚ್ಚಿದರು. ಬಹುಕಾಲ ಬೆತ್ತ ಹಿಡಿದಿದ್ದ ನಮಗೆ ಈ ಮೆಚ್ಚುಗೆಯ ಮೂಲವು ತಿಳಿಯದ್ದೇನಲ್ಲ. ತುಂಟನೊಬ್ಬನನ್ನು ಬೇರೆ ಯಾರಾದರೂ ತಿದ್ದಿಕೊಟ್ಟರೆ ಸಾಕೆಂದು ದಣಿದ ಉಪಾಧ್ಯಾಯನಿಗೆ ಎಷ್ಟೋ ದಿನ ಅನಿಸುತ್ತದೆ.

2005ರಲ್ಲಿ ಮತಪತ್ರದ ಪ್ರಶ್ನೆ ಬಂದಿತು. ಜನರು ಹೌದೆಂದರು.

ವಿಚಾರಣೆಯ ಕೋಣೆಯೊಳಗೆ ನಡೆಯುತ್ತಿದ್ದುದೇ ಬೇರೆ. ಸುಮಾರು ಅರ್ಧದಷ್ಟು ಮಕ್ಕಳು ವಕೀಲರಿಲ್ಲದೆ ಆತನೆದುರು ನಿಲ್ಲುತ್ತಿದ್ದರು. ಬಾಲಕರಿಗೂ ವಕೀಲರನ್ನು ಪಡೆವ ಹಕ್ಕುಂಟೆಂದು ಅಮೆರಿಕಾದ ಪರಮೋಚ್ಚ ನ್ಯಾಯಾಲಯವು 1967ರಷ್ಟು ಹಿಂದೆಯೇ ತೀರ್ಮಾನಿಸಿತ್ತು. ಶಾಲೆಯ ಅಧಿಕಾರಿಣಿಯೊಬ್ಬಳನ್ನು ಹಾಸ್ಯಮಾಡಿ ಅಂತರ್ಜಾಲದಲ್ಲಿ ಬರೆದ ಹುಡುಗಿಗೆ ಕೆಲವೇ ನಿಮಿಷಗಳ ವಿಚಾರಣೆಯಲ್ಲಿ ಮೂರು ತಿಂಗಳ ಬಂಧನ ವಿಧಿಸಲ್ಪಟ್ಟಿತು. ವಾದಿಸುವವನನ್ನು ಗದರಿಸುವ, ಬಾಯಿ ಮುಚ್ಚಿಸುವ ಧರ್ಮಸ್ಥನಿಗೇ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ದಂಡ ವಿಧಿಸಿದ್ದಾನೆ. ಲುಜರ್ನ್ ಜಿಲ್ಲೆಯಲ್ಲಿ ಅಂಥ ದಂಡವನ್ನು ವಿಧಿಸುವವರು ಬಹುಕಾಲ ಇರಲಿಲ್ಲ.

ಇದಕ್ಕೂ ಮಿಗಿಲಾದ ಸಂಗತಿಯೊಂದು ಮರೆಯಲ್ಲಿತ್ತು. ಜಿಲ್ಲೆಯ ಬಾಲಬಂಧನಗೃಹವನ್ನು ಮುಚ್ಚಿಸಿ, ಖಾಸಗಿಯವರು ಕಟ್ಟಿದ ಹೊಸ ಗೃಹಕ್ಕೆ ಮಕ್ಕಳನ್ನು ಕಳುಹಿಸಲಾಗುತ್ತಿತ್ತು. ಅದನ್ನು ಕಟ್ಟಿದವನಿಂದಲೂ ಅದರ ಒಡೆಯರಲ್ಲೊಬ್ಬನಿಂದಲೂ ಸಿಯಾವರೆಲ್ಲಾ ಮತ್ತು ಆತನ ಸಹೋದ್ಯೋಗಿ ಮೈಕೆಲ್ ಕೊನಾಹನ್ ಪಡೆದ ಹಣವು 25 ಲಕ್ಷ ಡಾಲರುಗಳಿಗೂ ಮೀರಿದ್ದಿತು. ಈ ಕೊನಾಹನನನ್ನೂ ಮತದಾರರು 2003ರಲ್ಲಿ ಹೌದೆಂದೇ ಉಳಿಸಿಕೊಂಡಿದ್ದರು.

ಮತದಾರರನ್ನು ಮಾತ್ರ ದೂರುವುದು ಸುಲಭ. ಆದರೆ ಬಾಗಿಲು ಮುಚ್ಚಿದ ಕೋಣೆಯೊಳಗಿನ ನ್ಯಾಯವನ್ನು ಅವರು ಕಾಣುವುದೆಂತು? ಹೋಲಿಸಿ ನೋಡಲು ಇನ್ನೊಬ್ಬ ಅಭ್ಯರ್ಥಿಯಿಲ್ಲ. ಕಿವಿಗೆ ಬೀಳುವುದು ಕಠಿಣನೆಂಬ ಕೀರ್ತಿಯೊಂದೇ. ಆ ಕೀರ್ತಿಗೆ ಬೆಲೆಯುಂಟೆಂಬುದನ್ನು ನ್ಯಾಯಾಧಿಪತಿಗಳೂ ಬಲ್ಲರು. ಅದೇ ಸಂಸ್ಥಾನದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಿಕ್ಷೆಗಳನ್ನು ಪರಿಶೀಲಿಸಿದ ಹ್ಯೂಬರ್ ಮತ್ತು ಗಾರ್ಡನ್ ಎಂಬ ವಿದ್ವಾಂಸರು, ಮತದಾನವು ಸಮೀಪಿಸಿದಷ್ಟೂ ಶಿಕ್ಷೆಯು ದೀರ್ಘವಾಗುತ್ತಿದ್ದಿತೆಂದು 2004ರಲ್ಲಿ ಪ್ರಕಟಿಸಿದರು. ಹಾಗಾದರೆ ಕೊನೆಯ ಕೆಲವು ತಿಂಗಳುಗಳಲ್ಲಿ ಕಟಕಟೆಯೇರಿದವನು ಯಾರ ತಪ್ಪಿಗೆ ಹೆಚ್ಚು ದಿನ ಸೆರೆಯಲ್ಲಿರಬೇಕು?

ತಿದ್ದುಪಡಿಯು ಮತಪತ್ರದಿಂದ ಬರಲಿಲ್ಲ. ಮಕ್ಕಳ ಪರವಾದ ವಕೀಲರ ಸಂಸ್ಥೆಯೊಂದು 2008ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಮೊದಲು ಅದನ್ನು ತಳ್ಳಿಹಾಕಿದ ನ್ಯಾಯಾಲಯವು, 2009ರ ಜನವರಿಯಲ್ಲಿ ಕೇಂದ್ರ ಸರ್ಕಾರದವರು ಇಬ್ಬರ ಮೇಲೂ ಆರೋಪ ಹೊರಿಸಿದ ಬಳಿಕ ಕೈಗೆತ್ತಿಕೊಂಡಿತು. ಆ ವರ್ಷವೇ ಸಾವಿರಾರು ಬಾಲತೀರ್ಪುಗಳು ರದ್ದಾದವು. 2011ರಲ್ಲಿ ಸಿಯಾವರೆಲ್ಲಾಗೆ 28 ವರ್ಷಗಳ, ಕೊನಾಹನನಿಗೆ ಹದಿನೇಳೂವರೆ ವರ್ಷಗಳ ಸೆರೆವಾಸವಾಯಿತು. 2024ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ನರು ಕೊನಾಹನನ ಉಳಿದ ಶಿಕ್ಷೆಯನ್ನು ಮನ್ನಿಸಿದರು. ರದ್ದಾದ ತೀರ್ಪುಗಳ ಕಾಗದವನ್ನು ಪಡೆವ ಹೊತ್ತಿಗೆ ಆ ಮಕ್ಕಳಲ್ಲಿ ಎಷ್ಟೋ ಮಂದಿ ಶಾಲೆಯ ವಯಸ್ಸನ್ನೇ ದಾಟಿದ್ದರು.