ಕಿವಿಯೊಳಗಿನ ಗಡ್ಡೆ
ಲಕ್ಷ್ಮೇಶ್ವರದ ಗೃಹಸ್ಥರೊಬ್ಬರಿಗೆ ಸೋಮೇಶ್ವರನ ಗುಡಿಯ ಗಂಟೆ ಒಂದೇ ಕಿವಿಗೆ ಕೇಳಿಸತೊಡಗಿತೆನ್ನಿ. ಇನ್ನೊಂದರಲ್ಲಿ ಸದಾ ಗುಂಯ್‌ಗುಟ್ಟುವ ಸದ್ದು, ನಡೆದರೆ ಓಲಾಟ. ಇದನ್ನು ವಯೋಧರ್ಮವೆಂದು ತಳ್ಳಿಹಾಕಲಾಗದು. ವೈದ್ಯರು ಎಂ.ಆರ್.ಐ. ಚಿತ್ರ ತೆಗೆಸಿದಾಗ, ಅಪರೂಪವಾಗಿ, ಒಳಗಿವಿಯ ಸಮತೋಲನದ ನರದ ಮೇಲೆ ಗಡ್ಡೆಯೊಂದು ಕಂಡೀತು.

ಗಡ್ಡೆಯೆಂದೊಡನೆ ಮನೆಮಂದಿ ಎದೆಗುಂದುವುದು ಸಹಜ. ಆದರೆ ಇದು ಕ್ಯಾನ್ಸರಲ್ಲ. ಹಲವು ಗಡ್ಡೆಗಳು ಬೆಳೆಯುವುದೇ ಇಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ 1-2 ಮಿಲಿಮೀಟರು. ಚಿಕ್ಕದಾದರೆ ಆಗಾಗ ಚಿತ್ರ ತೆಗೆಸುತ್ತ ಕಾಯಬಹುದು. 3 ಸೆಂಟಿಮೀಟರು ಮೀರಿ ಮಿದುಳನ್ನು ಒತ್ತತೊಡಗಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮಾರ್ಗ. ಇವೆರಡರ ನಡುವಿನದು ವಿಕಿರಣ ಚಿಕಿತ್ಸೆ.

ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1968ರಲ್ಲಿ ಬಳಕೆಗೆ ತಂದ ‘ಗ್ಯಾಮಾ ನೈಫ್’ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಉಂಟು. ಹೆಸರು ಚಾಕು, ಕೊಯ್ಯುವುದು ಮಾತ್ರ ಇಲ್ಲ. ಸುಮಾರು 200 ಸೂಕ್ಷ್ಮ ಕಿರಣಗಳು ಗಡ್ಡೆಯಲ್ಲಿ ಬಂದು ಕೂಡುತ್ತವೆ.

ಕಿರಣವು ಗಡ್ಡೆಯನ್ನು ಕಿತ್ತು ತೆಗೆಯದು, ಬೆಳವಣಿಗೆಯನ್ನು ತಡೆಯುತ್ತದೆ. ಕಳೆದ ಶ್ರವಣವು ಮರಳದು. ಉಳಿದದ್ದೂ ಕ್ರಮೇಣ ಕ್ಷೀಣಿಸಬಹುದು. ಸುಮ್ಮನೆ ಕಾದರೂ ಅದು ಕ್ಷೀಣಿಸಬಹುದು. ಆದುದರಿಂದ ಬೆಂಗಳೂರಿಗೆ ಹೊರಡುವ ಮುನ್ನ ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಗಡ್ಡೆ ನಿಜವಾಗಿಯೂ ಬೆಳೆಯುತ್ತಿದೆಯೇ?