ಕಂಪೆನಿ ಮಾರಾಟವಾಯಿತು, ಗಂಟು ಎಲ್ಲಿ ಹೋಯಿತು?

ನನ್ನ ಭಾವನವರು 1986ರಲ್ಲಿ ಕುಂದಾಪುರದಿಂದ ಮುಂಬಯಿಗೆ ಬಂದು ಠಾಣೆಯ ಕಡೆಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಹದಿನೇಳು ವರ್ಷ ದುಡಿದರು. 2003ರಲ್ಲಿ ಆ ಕಾರ್ಖಾನೆಯನ್ನು ಬೇರೊಂದು ಕಂಪೆನಿ ಕೊಂಡಿತು. ಹೊಸ ಒಡೆಯರು ಹಳಬರಿಗೆ ಸ್ವಯಂನಿವೃತ್ತಿಯ ದಾರಿ ತೋರಿಸಿದರು. ಭಾವನವರು ಊರಿಗೆ ಮರಳಿ ಸಣ್ಣದೊಂದು ಅಂಗಡಿ ಇಟ್ಟರು. ಹೊರಡುವ ಮುನ್ನ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಪಿ.ಎಫ್. ತೆಗೆಯಲೋ, ಬಿಡಲೋ?" ನಾನಾದರೋ ಕೇಂದ್ರ ಸರ್ಕಾರದ ಅಧಿಕಾರಿ, ಸ್ನಾತಕೋತ್ತರ ಪದವೀಧರ. "ಇರಲಿ ಬಿಡಿ ಭಾವ, ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಬರುತ್ತದೆ" ಎಂದುಬಿಟ್ಟೆ. ಆಗಿನ ಬಡ್ಡಿ ನೂರಕ್ಕೆ ಒಂಬತ್ತೂವರೆ. ಸಲಹೆ ತಪ್ಪಾಗಿರಲಿಲ್ಲ. ಆದರೆ ಆ ಹಣ ಯಾರ ಕೈಯಲ್ಲಿದೆ, ಮಾರಾಟದ ನಂತರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ನಾನು ವಿಚಾರಿಸಲೇ ಇಲ್ಲ. 2021ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಭಾವನವರು ತೀರಿಕೊಂಡರು. ಅಕ್ಕನ ಕೈಯಲ್ಲಿ ಉಳಿದದ್ದು ಟ್ರಂಕಿನ ತಳದಲ್ಲಿದ್ದ, 1999ನೆಯ ಇಸವಿಯ ಹಳದಿಗಟ್ಟಿದ ಒಂದು ಪಿ.ಎಫ್. ಚೀಟಿ ಮಾತ್ರ.

ಆ ಚೀಟಿಯನ್ನು ಹಿಡಿದು ನಾನು ಅಲೆದ ಹತ್ತೊಂಬತ್ತು ತಿಂಗಳು ನನಗೆ ಕಲಿಸಿದ ಪಾಠವನ್ನು ಹೊರನಾಡ ಕನ್ನಡಿಗರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಏಕೆಂದರೆ ಇಂಥ ಚೀಟಿಗಳು ನಮ್ಮ ನೂರಾರು ಮನೆಗಳ ಟ್ರಂಕುಗಳಲ್ಲಿ ಇರಬಹುದೆಂಬ ಶಂಕೆ ನನ್ನದು.

ಮೊದಲಿಗೆ ವ್ಯವಸ್ಥೆಯನ್ನು ಅರಿತುಕೊಳ್ಳೋಣ. ಭವಿಷ್ಯನಿಧಿಗೆ ನೌಕರನು ತನ್ನ ಮೂಲವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 12ರಷ್ಟನ್ನು ಕೊಡುತ್ತಾನೆ. ಒಡೆಯನೂ ಅಷ್ಟೇ ಕೊಡುತ್ತಾನೆ. 1995ರ ನವೆಂಬರ್ 16ರಿಂದ ಒಡೆಯನ ಪಾಲಿನಲ್ಲಿ ನೂರಕ್ಕೆ 8.33ರಷ್ಟು, ನಿಗದಿಯಾದ ವೇತನಮಿತಿಗೆ ಒಳಪಟ್ಟು, ಪಿಂಚಣಿ ನಿಧಿಗೆ ಹೋಗುತ್ತದೆ. ಅನೇಕ ದೊಡ್ಡ ಸಂಸ್ಥೆಗಳು 1952ರ ಕಾಯಿದೆಯ 17ನೆಯ ಕಲಮಿನನ್ವಯ ವಿನಾಯಿತಿ ಪಡೆದು, ಭವಿಷ್ಯನಿಧಿಯ ಹಣವನ್ನು ತಮ್ಮದೇ ಟ್ರಸ್ಟಿನಲ್ಲಿ ಇಟ್ಟುಕೊಂಡವು. ಭಾವನವರ ಕಾರ್ಖಾನೆಯೂ ಇವುಗಳಲ್ಲಿ ಒಂದು. ಇಂಥ ಕಂಪೆನಿ ಮಾರಾಟವಾದಾಗ ಟ್ರಸ್ಟಿನ ಹಣ ಒಂದೋ ಕೊಂಡವರ ಟ್ರಸ್ಟಿಗೆ ಸೇರಬೇಕು, ಇಲ್ಲವೇ ವಿನಾಯಿತಿಯನ್ನು ಬಿಟ್ಟುಕೊಟ್ಟು ಸರ್ಕಾರದ ಭವಿಷ್ಯನಿಧಿ ಸಂಘಟನೆಗೆ ಸೇರಬೇಕು. ಅದೇ ಕಾಯಿದೆಯ 17-ಬಿ ಕಲಮು, ಮಾರಾಟದ ದಿನದವರೆಗಿನ ಬಾಕಿಗೆ ಮಾರಿದವನೂ ಕೊಂಡವನೂ ಜಂಟಿಯಾಗಿ ಹೊಣೆಯೆಂದು ಹೇಳಿತು. ಕೊಂಡವನ ಹೊಣೆ ಅವನಿಗೆ ದೊರೆತ ಆಸ್ತಿಯ ಮೌಲ್ಯಕ್ಕೆ ಸೀಮಿತ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ತತ್ವವನ್ನು ಉಳಿಸಿಕೊಂಡಿದೆ.

ಕಾಗದದ ಮೇಲೆ ಇದು ಭದ್ರವಾಗಿದೆ. ಆದರೆ 17-ಬಿ ಕಲಮು ಹೇಳುವುದು ಹಣದ ಹೊಣೆಯನ್ನು. ಬಿಟ್ಟುಹೋದ ಹಳೆಯ ನೌಕರನಿಗೆ "ನಿನ್ನ ಗಂಟು ಈಗ ಇಂಥಲ್ಲಿದೆ" ಎಂದು ತಿಳಿಸುವ ಹೊಣೆಯ ಮಾತು ಅದರಲ್ಲಿಲ್ಲ. ಭಾವನವರ ಕಾರ್ಖಾನೆ 2012ರಲ್ಲಿ ಮತ್ತೊಮ್ಮೆ ಕೈಬದಲಾಯಿಸಿತು. ನೆಲ ಬಿಲ್ಡರ್‌ಗಳ ಪಾಲಾಯಿತು. ಕಡತಗಳು ಬೇರೊಂದು ನಗರಕ್ಕೆ ಹೋದವು. ಯಾರಿಂದಲೂ ಭಾವನವರಿಗೆ ಒಂದು ಅಂಚೆಕಾರ್ಡೂ ಬರಲಿಲ್ಲ.

ಕೊಂಡವರ ಕಚೇರಿಗೆ ನಾನು ಬರೆದ ಪತ್ರಕ್ಕೆ ಬಂದ ಉತ್ತರ: "ಈ ಹೆಸರಿನವರು ನಮ್ಮಲ್ಲಿಲ್ಲ." ಅದು ಸುಳ್ಳಾಗಿರಲಿಲ್ಲ. ನಮ್ಮಲ್ಲಿ ಊರಿನದೋ ತಂದೆಯದೋ ಮೊದಲಕ್ಷರ ಮುಂದೆ, ಸ್ವಂತ ಹೆಸರು ಅನಂತರ. ಮಹಾರಾಷ್ಟ್ರದ ಗುಮಾಸ್ತನಾದರೋ ಹೆಸರು, ತಂದೆಯ ಹೆಸರು, ಆಡ್ಡಹೆಸರು ಎಂದು ಮೂರು ಮನೆ ತುಂಬಿಸಿಯೇ ತೃಪ್ತನಾಗುತ್ತಾನೆ. 1986ರಲ್ಲಿ ಆತ ಬರೆದುಕೊಂಡ ಹೆಸರೇ ಬೇರೆ, ಊರಿನಲ್ಲಿ ಮಾಡಿಸಿದ ಆಧಾರ್ ಚೀಟಿಯ ಹೆಸರೇ ಬೇರೆ. ಗಣಕಯಂತ್ರದ ಪಾಲಿಗೆ ಅವರು ಇಬ್ಬರು ಮನುಷ್ಯರು. ಇದು ವಲಸೆ ಬಂದವರಿಗೇ ವಿಶೇಷವಾಗಿ ಕಾಡುವ ತೊಡಕು; ಒಳನಾಡಿನಲ್ಲೇ ಉಳಿದವರಿಗೆ ಇದರ ಬಿಸಿ ಅಷ್ಟಾಗಿ ತಟ್ಟದು.

ಕೊನೆಗೆ ದಾರಿ ತೋರಿದ್ದು ಪಿಂಚಣಿ. ಟ್ರಸ್ಟ್ ಯಾರದೇ ಇರಲಿ, ಪಿಂಚಣಿಯ ಪಾಲು ಸರ್ಕಾರದ ಸಂಘಟನೆಗೇ ಹೋಗಿರುತ್ತದೆ. ಚೀಟಿಯಲ್ಲಿದ್ದ ಸದಸ್ಯಸಂಖ್ಯೆಯ ಮೂಲಕ ಅಲ್ಲಿನ ಕಡತದಲ್ಲಿ ಭಾವನವರ ಸೇವೆಯ ದಾಖಲೆ ಸಿಕ್ಕಿತು. ಹತ್ತು ವರ್ಷಕ್ಕೆ ಮೀರಿದ ಸೇವೆಯಿದ್ದು, 58 ತುಂಬುವ ಮೊದಲೇ ತೀರಿಕೊಂಡ ಸದಸ್ಯನ ಪತ್ನಿಗೆ ಪಿಂಚಣಿಯ ಹಕ್ಕಿದೆ. 2023ರಲ್ಲಿ ಅಕ್ಕನಿಗೆ ಪಿಂಚಣಿ ಆರಂಭವಾಯಿತು, ಬಾಕಿಯ ಸಮೇತ. ಅದೇ ದಾಖಲೆಯ ಬಲದಿಂದ ಭವಿಷ್ಯನಿಧಿಯ ಗಂಟೂ ಹೊರಬಂದಿತು. ಆದರೆ ಚಲನೆಯಿಲ್ಲದ ಖಾತೆಗಳಿಗೆ 2011ರಿಂದ ಬಡ್ಡಿ ನಿಲ್ಲಿಸಿದ್ದ ನಿಯಮವು 2016ರಲ್ಲಿ ಬದಲಾಗುವವರೆಗಿನ ಅವಧಿಯ ಲೆಕ್ಕ ಇನ್ನೂ ತಕರಾರಿನಲ್ಲಿದೆ. ಭಾವನವರು ಆ ಹಣದ ಒಂದು ರೂಪಾಯಿಯನ್ನೂ ಕಾಣಲಿಲ್ಲ. ಅಂಗಡಿಗೆ ಸಾಲ ಮಾಡಿದಾಗಲೂ ಅವರು ಮತ್ತೆ ನನ್ನನ್ನು ಕೇಳಲಿಲ್ಲ.

ಮಾರಾಟವೆಂದರೆ ಹೀಗೆಯೇ ಆಗಬೇಕೆಂದಿಲ್ಲ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ ಕರಾವಳಿಗರಾದ ನಾವು ಹೆಸರುಗಳಿಗಾಗಿ ಮರುಗಿದೆವು. ಆದರೆ ನೌಕರರ ವೇತನ ಮತ್ತು ಸೇವಾಷರತ್ತುಗಳ ರಕ್ಷಣೆಯ ಮಾತು ವಿಲೀನದ ಯೋಜನೆಯಲ್ಲಿಯೇ ಇತ್ತು. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಸಮೂಹಕ್ಕೆ ಹಸ್ತಾಂತರವಾಯಿತು. ಅದುವರೆಗೆ 1925ರ ಭವಿಷ್ಯನಿಧಿ ಕಾಯಿದೆಯ ಅಡಿಯಲ್ಲಿದ್ದ ಅದರ ನೌಕರರನ್ನು 2021ರ ಡಿಸೆಂಬರಿನಿಂದಲೇ ಭವಿಷ್ಯನಿಧಿ ಸಂಘಟನೆಯ ವ್ಯಾಪ್ತಿಗೆ ತರಲಾಗಿತ್ತು. ಸರ್ಕಾರ ತಾನು ಮಾರುವಾಗ, ವಿಲೀನ ಮಾಡುವಾಗ ತೋರುವ ಈ ಎಚ್ಚರವನ್ನು ಖಾಸಗಿಯವರ ವ್ಯವಹಾರದಲ್ಲಿಯೂ ಕಡ್ಡಾಯ ಮಾಡಬೇಕೆಂಬುದು ನನ್ನ ವಾದ. ಕಂಪೆನಿ ಕೈಬದಲಾಯಿಸಿದ ಮೂರು ತಿಂಗಳೊಳಗೆ, ಗಂಟು ಉಳಿದಿರುವ ಪ್ರತಿಯೊಬ್ಬ ಸದಸ್ಯನಿಗೂ, ಬಿಟ್ಟುಹೋದವನಿಗೂ ಸಹ, ಲಿಖಿತ ಲೆಕ್ಕ ತಲುಪಬೇಕು. ವಿಳಾಸ ಸಿಗದವರ ಪಟ್ಟಿಯನ್ನು ಅವರ ತವರು ರಾಜ್ಯದ ಪತ್ರಿಕೆಗಳಲ್ಲಿಯೂ ಪ್ರಕಟಿಸಬೇಕು.

"ಇಷ್ಟೆಲ್ಲ ರಗಳೆಯೇಕೆ? ಮಾರಾಟವಾದ ಕೂಡಲೇ ಎಲ್ಲವನ್ನೂ ಬಿಡಿಸಿಕೊಳ್ಳುವುದೇ ಲೇಸು" ಎನ್ನುವ ಮಿತ್ರರಿದ್ದಾರೆ. ನಾನು ಒಪ್ಪಲಾರೆ. ಐದು ವರ್ಷದ ಸತತ ಸೇವೆಯಾಗುವ ಮೊದಲೇ ತೆಗೆದರೆ ತೆರಿಗೆ ಬೀಳಬಹುದು. ಹೊಸ ಖಾತೆಗೆ ವರ್ಗಾಯಿಸಿದರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಪಿಂಚಣಿಯ ಪಾಲನ್ನೂ ತೆಗೆದುಕೊಂಡವನು ಹತ್ತು ವರ್ಷದ ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ತೆಗೆಯುವುದಕ್ಕಿಂತ ವರ್ಗಾಯಿಸುವುದು ಮೇಲು. ಬೇರೆ ನೌಕರಿ ಇಲ್ಲದವನು ಹಣವನ್ನು ಅಲ್ಲೇ ಬಿಡುವುದಾದರೆ ದಾಖಲೆಗಳನ್ನು ಕೈಯಲ್ಲಿಟ್ಟುಕೊಂಡು ಬಿಡಲಿ. 2014ರಿಂದ ಬಂದಿರುವ ಹನ್ನೆರಡು ಅಂಕಿಯ ಸಾರ್ವತ್ರಿಕ ಖಾತೆಸಂಖ್ಯೆಯು ಇಂದಿನ ತರುಣರಿಗೆ ಈ ಕೆಲಸವನ್ನು ಸುಲಭ ಮಾಡಿದೆ. ಅದಕ್ಕೂ ಹಿಂದೆ ನೌಕರಿ ಬಿಟ್ಟವರ ಹಳೆಯ ಸಂಖ್ಯೆಗಳು ಮಾತ್ರ ಕಡತಗಳಲ್ಲೇ ಮಲಗಿವೆ.

ಇದು ಕನ್ನಡ ಸಂಘಗಳ ಕೆಲಸವೇ ಎಂದು ಕೇಳುವವರೂ ಇರಬಹುದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ಇದೇ ಮುಂಬಯಿಯಲ್ಲಿ ರಾತ್ರಿಶಾಲೆ ನಡೆಸಿದ್ದು ಕನ್ನಡಿಗರ ಸಂಸ್ಥೆಗಳೇ ಅಲ್ಲವೆ? ನಾಡಹಬ್ಬ, ಯಕ್ಷಗಾನಗಳ ಜೊತೆಗೆ ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕೋಣ. ನಮ್ಮಲ್ಲಿ ನಿವೃತ್ತ ಲೆಕ್ಕಾಧಿಕಾರಿಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ವಕೀಲರಿದ್ದಾರೆ. ಹಳೆಯ ಚೀಟಿ ಹಿಡಿದು ಬಂದವರಿಗೆ ಅರ್ಜಿ ಬರೆದುಕೊಡೋಣ. ಎರಡು ಹೆಸರೂ ಒಬ್ಬನವೇ ಎಂಬ ಪ್ರಮಾಣಪತ್ರ ಮಾಡಿಸಲು ನೆರವಾಗೋಣ. ಮೊದಲ ಭಾನುವಾರ ಆ ಮೇಜಿನ ಹಿಂದೆ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ. 2003ರಲ್ಲಿ ಭಾವನವರಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇನ್ನೊಬ್ಬರಿಗಾದರೂ ಸರಿಯಾಗಿ ಕೊಡಬೇಕಾಗಿದೆ.