ಗಣಕಯಂತ್ರಕ್ಕೂ ಕಡ್ಡಾಯ ನಿವೃತ್ತಿಯೇ?

2016ರಲ್ಲಿ ಕೊಂಡ ನನ್ನ ಗಣಕಯಂತ್ರದಲ್ಲಿ ಈವರೆಗೆ ಯಾವ ದೋಷವೂ ಕಾಣಿಸಿಕೊಂಡಿಲ್ಲ. ಪಿಂಚಣಿ ಖಾತೆಯ ಲೆಕ್ಕ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಕೆ, ದೂರದಲ್ಲಿರುವ ಮಗಳೊಡನೆ ಭಾನುವಾರದ ಮಾತುಕತೆ ಎಲ್ಲವೂ ಅದರಲ್ಲೇ ನಡೆಯುತ್ತವೆ. ಆದರೂ ಅದರ ಕಾರ್ಯಾಚರಣೆ ವ್ಯವಸ್ಥೆಯಾದ ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಬೇಡುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ, ಕೆಲವು ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆಯದೋ ನಂತರದ್ದೋ ಆಗಿರಬೇಕು. ನನ್ನದು ಆರನೆಯ ಪೀಳಿಗೆ. ಸರ್ಕಾರಿ ಸೇವೆಯಲ್ಲಿ ನನಗೆ ಅರವತ್ತಕ್ಕೆ ನಿವೃತ್ತಿಯಾಯಿತು. ನನ್ನ ಯಂತ್ರಕ್ಕೆ ಒಂಬತ್ತಕ್ಕೇ.

‘ನಡೆಯುತ್ತಿರುವುದನ್ನು ಏಕೆ ಕೆದಕುತ್ತೀರಿ ಸಾರ್’ ಎನ್ನುತ್ತಾರೆ ಬೆಳಗಿನ ವಾಯುವಿಹಾರದ ಗೆಳೆಯರು. ಈ ಸಲಹೆಯನ್ನು ನಾನು ಒಪ್ಪಲಾರೆ. ಬೆಂಬಲ ನಿಂತ ಮೇಲೂ ಯಂತ್ರ ಓಡುತ್ತದೆ, ನಿಜ; ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಹಾಕುವವರು ಇರುವುದಿಲ್ಲ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ‘ವನ್ನಾಕ್ರೈ’ 2017ರ ಮೇ ತಿಂಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಅದು ನುಸುಳಿದ ಲೋಪಕ್ಕೆ ಪರಿಹಾರ ಎರಡು ತಿಂಗಳ ಮೊದಲೇ ಬಿಡುಗಡೆಯಾಗಿತ್ತು, ಅಳವಡಿಸಿಕೊಳ್ಳದವರು ಸಿಕ್ಕಿಬಿದ್ದರು. 2014ರಲ್ಲೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿಯ ಸಾಮಾನ್ಯ ಬಳಕೆದಾರರಿಗೆ ಪರಿಹಾರ ದೊರೆತದ್ದು ದಾಳಿ ನಡೆದ ಬಳಿಕವೇ.

ಹಾಗೆಂದು ಅವಸರಪಡುವುದೂ ಸಲ್ಲದು. ನವೀಕರಣದ ನಿಜವಾದ ವೆಚ್ಚ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ. ನಾನು ಸೇವೆಯಲ್ಲಿದ್ದ ಕಚೇರಿಯೊಂದರಲ್ಲಿ ಹಳೆಯ ಯಂತ್ರಗಳನ್ನು ಬದಲಿಸಿದಾಗ ಟೆಂಡರು, ತುಲನಾತ್ಮಕ ಪಟ್ಟಿ, ಮಂಜೂರಾತಿ ಎಲ್ಲವೂ ಕ್ರಮಬದ್ಧವಾಗಿದ್ದವು. ಹೊಸ ಯಂತ್ರದಲ್ಲಿ ಹಳೆಯ ಕಡತ ತೆರೆದರೆ ಮಾತ್ರ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಫಾಂಟು ಇಲ್ಲವಾದರೆ ಕನ್ನಡವೂ ಇಲ್ಲ. ತರಾತುರಿಯಲ್ಲಿ ತಂತ್ರಾಂಶವೊಂದರಿಂದ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಲಾಯಿತು. ಕೆಲವೆಡೆ ಒತ್ತಕ್ಷರ ಸ್ಥಾನ ತಪ್ಪಿತು, ಕೆಲವೆಡೆ ಅರ್ಕಾವತ್ತು ಉದುರಿತು. ಕುಟುಂಬ ಪಿಂಚಣಿಯ ಪಟ್ಟಿಯಲ್ಲಿದ್ದ ‘ಪಾರ್ವತಿ’ ‘ಪಾವತಿ’ಯಾದರು. ಹೆಸರು ಮೂಲ ದಾಖಲೆಗೆ ತಾಳೆಯಾಗುವುದಿಲ್ಲವೆಂದು ಆ ವೃದ್ಧೆಯ ಪಾವತಿಯೇ ಎರಡು ತಿಂಗಳು ನಿಂತಿತು. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, 2016ರಲ್ಲಿ ಕೊಟ್ಟ ಹಣ ಮುಳುಗಿದ ವೆಚ್ಚ. ಅದರ ಮೇಲಿನ ಮಮಕಾರ ಇಂದಿನ ನಿರ್ಧಾರಕ್ಕೆ ಆಧಾರವಾಗಬಾರದು. ಆದರೆ ಬೆಂಬಲ ನಿಲ್ಲುವ ದಿನವನ್ನು ಗೊತ್ತುಮಾಡುವವರು ಒಬ್ಬರು, ವೆಚ್ಚ ಹೊರುವವರು ಮತ್ತೊಬ್ಬರು. ನಮ್ಮ 2022ರ ಇ-ತ್ಯಾಜ್ಯ ನಿಯಮಗಳು ಉಪಕರಣಗಳ ಉತ್ಪಾದಕರಿಗೆ ಮರುಬಳಕೆಯ ಹೊಣೆ ಹೊರಿಸುತ್ತವೆ. ಸುಸ್ಥಿತಿಯ ಯಂತ್ರವನ್ನು ಮೂಲೆಗೆ ತಳ್ಳುವ ತಂತ್ರಾಂಶದ ತೀರ್ಮಾನ ಮಾತ್ರ ಅವುಗಳ ಕೈಗೆ ಸಿಗದು. ಐರೋಪ್ಯ ಒಕ್ಕೂಟವು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳ ಮಟ್ಟಿಗಾದರೂ 2025ರ ಜೂನ್‌ನಿಂದ, ಮಾರುಕಟ್ಟೆಗೆ ಪೂರೈಕೆ ನಿಂತ ಬಳಿಕ ಕನಿಷ್ಠ 5 ವರ್ಷ ತಂತ್ರಾಂಶದ ನವೀಕರಣ ಲಭ್ಯವಿರಬೇಕೆಂದು ವಿಧಿಸಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ದಿನಾಂಕ ಹುಡುಕುವ ನಾವು ಗಣಕದ ಪೆಟ್ಟಿಗೆಯ ಮೇಲೆ ಭದ್ರತಾ ಬೆಂಬಲದ ಕೊನೆಯ ದಿನವನ್ನು ಏಕೆ ಕೇಳಬಾರದು? ಸರ್ಕಾರಿ ಟೆಂಡರುಗಳಿಂದಲೇ ಇದು ಆರಂಭವಾಗಲಿ. ಹಳೆಯ ಕಡತಗಳನ್ನು ಪರಿವರ್ತಿಸಿ ತಾಳೆ ನೋಡುವ ಖರ್ಚನ್ನೂ ಅಂದಾಜಿನಲ್ಲೇ ಸೇರಿಸಲಿ.

ನಾನು ಹೊಸ ಯಂತ್ರ ಕೊಳ್ಳಲಿಲ್ಲ. ಗೃಹಬಳಕೆದಾರರಿಗೆ ಭದ್ರತಾ ತೇಪೆಗಳನ್ನು ಒಂದು ವರ್ಷ ವಿಸ್ತರಿಸುವ ಯೋಜನೆಗೆ ನೋಂದಾಯಿಸಿಕೊಂಡು ಕಾಲಾವಕಾಶ ಪಡೆದೆ. ಎಲ್ಲ ಕಡತಗಳ ಎರಡು ಪ್ರತಿಗಳನ್ನು ಬೇರೆ ಡಿಸ್ಕ್‌ಗಳಿಗೆ ಇಳಿಸಿದೆ. ಕೇರಳದ ಶಾಲೆಗಳು ಬಹುಕಾಲದಿಂದ ಬಳಸುತ್ತಿರುವ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು, ಅಳವಡಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದೆ. ಮುದ್ರಕವೂ ಬ್ಯಾಂಕಿನ ಜಾಲತಾಣವೂ ಒಗ್ಗಿದವು.

ಬದಲಾವಣೆಗೆ ಇನ್ನು ಉಳಿದಿರುವುದು ಒಂದೇ ಕೆಲಸ. ನನ್ನ ಪತ್ನಿ ತಮ್ಮ ತಂದೆಯ ದಿನಚರಿಯನ್ನು ಹಿಂದೆ ‘ನುಡಿ’ಯ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಅದರ 210 ಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ರಾತ್ರಿ ಊಟವಾದ ಮೇಲೆ ಮೂಲದೊಂದಿಗೆ ತಾಳೆ ನೋಡುತ್ತಿದ್ದೇವೆ. ಆಕೆ ಓದುತ್ತಾರೆ, ನಾನು ಪರದೆಯ ಮೇಲೆ ಬೆರಳಿಟ್ಟು ಅನುಸರಿಸುತ್ತೇನೆ. ನೂರನೆಯ ಪುಟದವರೆಗೆ ಉದುರಿದ ಅರ್ಕಾವತ್ತುಗಳು ಹದಿನೇಳು.